ಕರಿ ಸಾಕೆಟ್ಟು

ಟರ್ರ್ರ್ ಅಂತ ಮತ್ತೆ ಶುರುವಾಯಿತು, ಲಾರಿಯ ಆ ಪಕ್ಕದಿಂದ, ಹಲ್ಲಿನ ಬೇರಿಗೇ ಹೋಗಿ ತಾಗುವ ಸದ್ದು, ಒಂದು ನಟ್ಟಿಗೆ ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು, ಅಷ್ಟೇ, ಅದೇ ನಟ್ಟಿಗೆ ಮುನೆಪ್ಪ ಸ್ಪಾನರಿಗೆ ಪೈಪು ಸಿಕ್ಕಿಸಿ ಅದರ ಮೇಲೆ ಹತ್ತಿ ನಿಂತು ಮೈಭಾರವನ್ನೆಲ್ಲ ಬಿಡಬೇಕು, ಇಪ್ಪತ್ತು ವರ್ಷ, ಇದೇ ಹಿಂದೂಪುರ, ಇದೇ ಗ್ಯಾರೇಜು, ಬಲಭುಜ ಎಡದಕ್ಕಿಂತ ಎರಡು ಬೆರಳು ಇಳಿದುಬಿಟ್ಟಿದೆ, ಎಣ್ಣೆ ತಿಕ್ಕುವಾಗ ಹೆಂಡತಿ ರಾಮಾಂಜಿನಮ್ಮ ಅಳೆದು ನೋಡಿ ಹೇಳಿದ್ದು — ಈಗ ಅವಳೂ ನಟ್ಟು ತಿರುಗಿಸುವ ಆ ಏರ್ ಗನ್ನಿನ ಕಡೆಗೇ, ಬಂತಲ್ಲ ಬಿಡು ನಿನ್ ಭುಜಕ್ಕೆ ರೆಸ್ಟು ಅಂದಳು, ಗಾಳಿಯಲ್ಲಿ ನಡೆಯುವ ಒಂದು ಕಬ್ಬಿಣಕ್ಕೆ ಅಷ್ಟು ಮರ್ಯಾದೆ, ಅದನ್ನು ಹಿಡಿಯುವ ಯರ್ರಿಸ್ವಾಮಿಗೆ ಇನ್ನೂ ಹೆಚ್ಚು, ಹದಿನೈದು ದಿನದಿಂದ ಮಧ್ಯಾಹ್ನಕ್ಕೆ ಎರಡು ಡಬ್ಬಿ ತರುತ್ತಾಳೆ, ಒಂದು ಗಂಡನಿಗೆ, ಒಂದು ಅವನಿಗೆ, ಹೆಂಡ್ರು ಮಕ್ಕಳನ್ನ ಕಲ್ಯಾಣದುರ್ಗದಲ್ಲಿ ಬಿಟ್ಟು ಬಂದವ್ನೆ ಪಾಪ, ಓಟ್ಲೂಟ ಎಷ್ಟು ದಿನ ಅಂತ ತಿಂತಾನೆ ಅನ್ನುತ್ತಾಳೆ, ಮೊನ್ನೆ ಅವನ ಡಬ್ಬಿಯಲ್ಲಿ ಮುದ್ದೆಯ ಪಕ್ಕ ಹುಚ್ಚೆಳ್ಳು ಚಟ್ನಿ ಇತ್ತು, ಮುನೆಪ್ಪನದರಲ್ಲೂ ಇತ್ತು, ಇತ್ತು, ಆದರೆ ಅವನದರಲ್ಲಿ ಒಂದು ಚಮಚ ಜಾಸ್ತಿ ಕಂಡಿತು. ಒಂದು ಗನ್ನು ಹಿಡಿಯಲಿಕ್ಕೆ ಸಾವ್ಕಾರ್ ಅಮರೇಶಪ್ಪ ಅಷ್ಟು ದೂರದಿಂದ ಇವನನ್ನು ಕರೆಸಬೇಕಿತ್ತೇ, ಮಿಷನ್ನು ತಂದವನು ಎಲ್ಲರ ಮುಂದೆಯೇ ಹೇಳಿಕೊಟ್ಟಿದ್ದ, ಮುನೆಪ್ಪನಿಗೂ ಕಿವಿ ಇತ್ತು, ಕಣ್ಣಿಗೆ ಕನ್ನಡಕ ಹಾಕಿ, ನಟ್ಟಿನ ತಲೆಗೆ ಕೂರುವ ಸಾಕೆಟ್ಟು ಬದಲಿಸುವ ಮೊದಲು ಗಾಳಿಯ ವಾಲ್ವು ಮುಚ್ಚಿ, ಗನ್ನಿಗೆ ಈ ದಪ್ಪನೆಯ ಕರಿ ಸಾಕೆಟ್ಟೇ ಆಗಬೇಕು, ಕೈಯಲ್ಲಿ ತಿರುಗಿಸುವ ಆ ಬೆಳ್ಳಗೆ ಹೊಳೆಯುವುದನ್ನು ಹಾಕಿದರೆ ಏಟಿಗೆ ಸಿಡಿದು ಚೂರು ಕಣ್ಣಿಗೆ ಬರುತ್ತದೆ, ಕೊನೆಯ ಬಿಗಿ ಮಾತ್ರ ಕೈಯಿಂದಲೇ ನೋಡಿ — ಅದನ್ನು ಕೇಳಿ ಎಷ್ಟು ಹಿತವಾಗಿತ್ತು, ಕೊನೆಯ ಬಿಗಿ ಅಂದರೆ ಮುನೆಪ್ಪನೇ, ಸುತ್ತಿಗೆಯಿಂದ ಒಂದೊಂದೇ ನಟ್ಟು ತಟ್ಟಿ ಕೇಳುತ್ತಾನೆ, ಟಣ್ ಅಂದರೆ ಬಿಗಿ, ದಬ್ ಅಂದರೆ ಸಡಿಲ, ಕಲ್ಯಾಣದುರ್ಗದ ಡ್ರೈವರ್ ಕೊಟ್ಟೂರಪ್ಪ ಹನ್ನೆರಡು ವರ್ಷದಿಂದ ಆ ಸದ್ದು ಕೇಳದೆ ಲಾರಿ ಸ್ಟಾರ್ಟ್ ಮಾಡಿದವನಲ್ಲ, ಆ ಕೊಟ್ಟೂರಪ್ಪ ಇವತ್ತು ಹುಣಿಸೆಹಣ್ಣಿನ ಲೋಡು ತಂದು ನಿಲ್ಲಿಸಿ, ಇಳಿಯುತ್ತಲೇ, ಯಾಡಪ್ಪಾ ಮಾ ಊರೋಡು ಅಂತ ತೆಲುಗಿನಲ್ಲಿ ತನ್ನ ಊರಿನವನನ್ನು ಕೇಳಿದ, ಮುನೆಪ್ಪ ಎದುರಿಗೇ ನಿಂತಿದ್ದ, ಸುತ್ತಿಗೆ ಕೈಯಲ್ಲಿತ್ತು.

ಸದ್ದು ನಿಂತಿತು, ಬಲಗಡೆಯ ಚಕ್ರಗಳು ಮುಗಿದವು, ಎಡಗಡೆ ಇನ್ನು ನಾಲ್ಕು ನಟ್ಟು ಬಿಗಿಸುವುದಷ್ಟೇ ಉಳಿದಿತ್ತು, ಯರ್ರಿಸ್ವಾಮಿ ವಾಲ್ವು ಮುಚ್ಚಿ ಸಾಕೆಟ್ಟು ಬಿಚ್ಚಿ ಪಕ್ಕದಲ್ಲಿ ಮಲಗಿಸಿದ್ದ ಟೈರಿನ ಮೇಲಿಟ್ಟ, ಎಲ್ಲ ಹೇಳಿಕೊಟ್ಟ ಹಾಗೆಯೇ, ಒಂದು ತಪ್ಪಾದರೂ ಮಾಡಬಾರದೇ ಈ ಮನುಷ್ಯ, ಕೊಟ್ಟೂರಪ್ಪ ಅವನ ಹೆಗಲ ಮೇಲೆ ಕೈ ಹಾಕಿ ಟೀಗೆ ಕರೆದ, ನೀನೂ ಬಾರಣ್ಣ ಅಂತ ಯರ್ರಿಸ್ವಾಮಿ ತಿರುಗಿ ಕರೆದದ್ದು ಇನ್ನೂ ಉರಿಯಿತು, ನಂದಾಯ್ತು ಅಂದ, ಆಗಿರಲಿಲ್ಲ. ಸಾಕೆಟ್ಟು ಟೈರಿನ ಮೇಲೆ ಕೂತಿತ್ತು, ಮುನೆಪ್ಪ ಮುಟ್ಟಿ ನೋಡಿದ, ಮುಟ್ಟಿದ ಅಷ್ಟೇ, ಎತ್ತಿದ, ತೂಕ ನೋಡಿದ ಅಷ್ಟೇ, ಕೈ ಸುಡುತ್ತಿದೆ ಅಂತ ಹಳೇ ಬನಿಯನ್ ಬಟ್ಟೆಯಲ್ಲಿ ಸುತ್ತಿದ, ತನ್ನ ಟೂಲ್ ಬಾಕ್ಸಿಗೆ ಹಾಕಿದ — ಅರ್ಧ ಗಂಟೆ, ಅಷ್ಟೇ, ಅದಿಲ್ಲದಿದ್ದರೆ ಆ ಗನ್ನು ಮೊಂಡು ಕಬ್ಬಿಣ ಅಂತ ಎಲ್ಲರೂ ನೋಡಲಿ, ನೀನೇ ಬಾರಪ್ಪ ಮುನೆಪ್ಪ ಅಂತ ಸಾವ್ಕಾರ್ರು ಕೂಗಲಿ, ಎಡಗಡೆಯದನ್ನು ತಾನು ಬಿಗಿಸಿ ಆಮೇಲೆ ಎಲ್ಲೋ ಬಿದ್ದಿತ್ತು ಅಂತ ಕೊಟ್ಟರಾಯಿತು — ಮುಚ್ಚಳ ಹಾಕಿ ಬಾಕ್ಸಿನ ಮೇಲೆಯೇ ಕೂತ. ಟೀ ಕುಡಿದು ಬಂದ ಯರ್ರಿಸ್ವಾಮಿ ಟೈರು ನೋಡಿದ, ಟೈರಿನ ಹಿಂದೆ ನೋಡಿದ, ಅಣ್ಣಾ ಕರಿ ಸಾಕೆಟ್ಟು ನೋಡಿದ್ಯಾ ಅಂದ, ಇಲ್ಲ ಕಣಪ್ಪ, ಎಷ್ಟು ಸಲೀಸಾಗಿ ಬಂತು ಬಾಯಿಗೆ. ಆದರೆ ಸಾವ್ಕಾರ್ರು ಮುನೆಪ್ಪನನ್ನು ಕೂಗಲಿಲ್ಲ, ಮೇಜಿನಿಂದಲೇ, ಹುಡುಕ್ತಾ ಕೂತ್ರೆ ಆಯ್ತದಾ, ಮುನೆಪ್ಪನ್ದು ಐತಲ್ಲ ಅದ್ನೇ ಹಾಕು ಅಂದರು, ಇದನ್ನ ಗನ್ನಿಗೆ ಹಾಕ್ಬಾರ್ದು ಸಾವ್ಕಾರ್ರೆ ಅಂತ ಯರ್ರಿಸ್ವಾಮಿ ಹಿಂಜರಿದ, ಉಳ್ದಿರೋದೇ ನಾಕು ನಟ್ಟು ಹಾಕಪ್ಪ ಅಂದರು ಅವರು, ಬಿರ್ನ ಕಾನೀ ನಾಯ್ನಾ ಅಂತ ಕೊಟ್ಟೂರಪ್ಪನ ಅವಸರ ಬೇರೆ, ಬೆಂಚಿನ ಮೇಲಿಂದ ಮುನೆಪ್ಪನ ಹೊಳೆಯುವ ಸಾಕೆಟ್ಟು ಗನ್ನಿನ ಮೂತಿಗೆ ಹೋಯಿತು, ಚೌಕದ ತೂತು ಎರಡಕ್ಕೂ ಒಂದೇ, ಟಕ್ ಅಂತ ಕೂತಿತು — ಅದರ ಬಾಯಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿದೆ, ಹೋದ ಬೇಸಿಗೆಯಲ್ಲಿ ತುಕ್ಕು ಹಿಡಿದ ನಟ್ಟಿಗೆ ಹಾಕಿ ಪೈಪಿನ ಮೇಲೆ ಕುಣಿದಾಗ ಬಿಟ್ಟದ್ದು, ಮುನೆಪ್ಪನೊಬ್ಬನಿಗೇ ಗೊತ್ತು, ಕೈಗೆ ತಡೆಯುತ್ತದೆ, ಗನ್ನಿನ ಏಟಿಗೆ — ಸಿಡಿದರೆ ಸಿಡಿಯಲಿ, ಕನ್ನಡಕ ಹಾಕಿದ್ದಾನಲ್ಲ, ಸಾವ್ಕಾರ್ರೇ ಹೇಳಿದ್ದಲ್ಲ, ತನಗೇನು — ಅಷ್ಟರಲ್ಲಿ ರಾಮಾಂಜಿನಮ್ಮ, ಎರಡು ಡಬ್ಬಿ, ಯರ್ರಿಸ್ವಾಮಿಯಿಂದ ಎರಡು ಮಾರು ದೂರದಲ್ಲಿ ಬಂದು ನಿಂತಳು, ನಡೀಲಿ ನಡೀಲಿ ನಾನೂ ನೋಡ್ತೀನಿ ಅಂತ ಬಗ್ಗಿದಳು, ಕಣ್ಣು ಅರಳಿಸಿಕೊಂಡು, ಕನ್ನಡಕವಿಲ್ಲದ ಬರೀ ಕಣ್ಣು. ಯಾವಾಗ ಎದ್ದನೋ, ಕಂಪ್ರೆಸರಿನ ಹತ್ತಿರ ಯಾವ ಕಡೆಯಿಂದ ಹೋದನೋ, ವಾಲ್ವು ತಿರುಗಿಸಿದ ಕೈ ತನ್ನದೇ, ಹೊಸ್ಸ್ ಅಂತ ಗನ್ನು ಸತ್ತುಹೋಯಿತು. ಅವಳು ಬಾರದಿದ್ದರೆ, ಬರೀ ಯರ್ರಿಸ್ವಾಮಿ ಒಬ್ಬನೇ ಇದ್ದಿದ್ದರೆ, ಏಳುತ್ತಿದ್ದನೇ, ಏಳುತ್ತಿದ್ದ, ಏಳುತ್ತಿದ್ದನೇ.

ಗಾಳಿ ಯಾಕ್ ನಿಲ್ಲಿಸ್ದೆ ಅಣ್ಣ ಅಂದ ಯರ್ರಿಸ್ವಾಮಿ, ಮುನೆಪ್ಪ ಸಾಕೆಟ್ಟು ಕಳಚಿ ಬಿಸಿಲಿಗೆ ಹಿಡಿದು ಬಿರುಕು ತೋರಿಸಿದ, ಅದಕ್ಕೆ ಬಾಯಿ ಬೇಕಿರಲಿಲ್ಲ, ಯರ್ರಿಸ್ವಾಮಿ ಎರಡೂ ಕೈ ಮುಗಿದುಬಿಟ್ಟ, ಈ ತಾಯಿ ಕಣ್ಣು ಉಳಿಸ್ಬುಟ್ಟೆ ಕಣಣ್ಣ ಅಂತ ರಾಮಾಂಜಿನಮ್ಮನ ಕಡೆ ನೋಡಿ ಅಂದ, ತನ್ನ ಕಣ್ಣು ಅನ್ನಲಿಲ್ಲ, ಇಪ್ಪತ್ತು ವರ್ಷದ ಕೈ ಅಂದ್ರೆ ಸುಮ್ನೇನಾ ಅಂದರು ಸಾವ್ಕಾರ್ರು, ಮುನೆಪ್ಪ ಮುನೆಪ್ಪನೇ ಅಂದ ಕೊಟ್ಟೂರಪ್ಪ, ರಾಮಾಂಜಿನಮ್ಮ ಗಂಡನನ್ನು ನೋಡಿದಳು, ಮದುವೆಯಾದ ಹೊಸದರಲ್ಲಿ ಹಾಗೆ ನೋಡಿದ್ದಳು, ಹದಿನೈದು ದಿನ ಯಾವುದಕ್ಕೆ ಹಸಿದಿದ್ದನೋ ಅದೆಲ್ಲ ಒಂದೇ ಗಳಿಗೆಯಲ್ಲಿ ಬಂತು, ಮುನೆಪ್ಪ ಹೋಗಿ ಮತ್ತೆ ಬಾಕ್ಸಿನ ಮೇಲೆ ಕೂತ. ಸಾವ್ಕಾರ್ರು ಈಗ ಯರ್ರಿಸ್ವಾಮಿಯ ಕಡೆ ತಿರುಗಿದರು, ಬಂದು ಹದಿನೈದು ದಿನಕ್ಕೇ ಸಾಮಾನು ಕಳೀತೀಯಾ, ಲಾರಿ ಹೊರಡೋದ್ರೊಳ್ಗೆ ಸಿಕ್ಕಿದ್ರೆ ಸರಿ, ಇಲ್ದಿದ್ರೆ ಇದೇ ಲಾರೀಲಿ ಹತ್ಕೊಂಡು ನಿಮ್ಮೂರಿಗೆ ಹೋಯ್ತಾ ಇರು ಅಂದರು, ನಂದೇ ತಪ್ಪು ಸಾವ್ಕಾರ್ರೆ, ಟೈರ್ ಮೇಲಿಟ್ಟಿದ್ದೆ, ಉಳ್ಳಿ ಹೋಗಿರ್ಬೇಕು, ಯರ್ರಿಸ್ವಾಮಿಯ ದನಿ ಸಣ್ಣಗಾಯಿತು, ಕಲ್ಯಾಣದುರ್ಗದಲ್ಲಿ ಅವನ ಹೆಂಡತಿಗೆ ಏನು ಹೇಳುತ್ತಾನೋ, ಇದೇ ಅಲ್ಲವೇ ಮುನೆಪ್ಪನಿಗೆ ಬೇಕಿದ್ದದ್ದು, ಇದಲ್ಲ, ಇಷ್ಟಲ್ಲ, ಬರೀ ನಾಲ್ಕು ನಟ್ಟು — ಬಿಡಣ್ಣ ಲಾರಿ ಕೆಳ್ಗೇ ಹೋಗಿರ್ತದೆ ನಾನು ನೋಡ್ತೀನಿ ಅಂದಳು ರಾಮಾಂಜಿನಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಡಿಯೂರಿ ಲಾರಿಯ ಕೆಳಗೆ ಕೈ ಹಾಕಿದಳು, ಆಯಿಲು ಕುಡಿದ ಮಣ್ಣಿನಲ್ಲಿ ಮೊಳಕೈ ತನಕ, ಗಾಜಿನ ಬಳೆ ಕಲ್ಲಿಗೆ ತಾಗಿ ಕಿಣಿ ಅಂದಿತು, ಹೇಳಬೇಕು, ಕೈ ಆಚೆ ಬರಲಿ ಹೇಳುತ್ತೇನೆ, ಎದ್ದರೆ ಮುಚ್ಚಳ ತೆರೆಯಬೇಕು, ತೆರೆದರೆ ಅವಳು ಈಗ ನೋಡಿದ ನೋಟ ಇನ್ನೊಂದು ಸಲ ಸಿಕ್ಕುವುದಿಲ್ಲ, ಕೈ ಆಚೆ ಬಂತು, ಕರ್ರಗೆ, ಬೆರಳು ಬಿಡಿಸಿ ಗಂಡನಿಗೇ ತೋರಿಸಿತು, ಖಾಲಿ, ಮತ್ತೆ ಒಳಗೆ ಹೋಯಿತು, ಇನ್ನೂ ಆಳಕ್ಕೆ, ಕಿಣಿ, ಈ ಸಲ ಹೇಳುತ್ತೇನೆ, ಕೈ, ಬಳೆ, ಕಿಣಿ, ಆಚೆ ಬಂತು, ಖಾಲಿ, ಮತ್ತೆ ಒಳಗೆ, ಬಾಕ್ಸು ಮುನೆಪ್ಪನ ಕೆಳಗೇ ಇತ್ತು, ಆ ಕೈ —