ಮಳೆಗೆ ನಿಂತ ಕಾರು, ಮೀರಬಾರದ ಹೊತ್ತು

ಮಳೆಗಾಲ ಬಂತೆಂದರೆ ರತ್ನಪುರದ ಕಡೆ ಎಲ್ಲರ ಮನೆಯಲ್ಲೂ ಒಂದೇ ಗೋಳು. ಬಟ್ಟೆ ಒಣಗುವುದಿಲ್ಲ, ಸೌದೆ ಹತ್ತುವುದಿಲ್ಲ, ಗಾಡಿ ಸ್ಟಾರ್ಟ್ ಆಗುವುದಿಲ್ಲ. ಪಿಯತಿಲಕರ ಹಳೆಯ ಹಸಿರು ಕಾರಂತೂ ಮೋಡ ಕಂಡರೇ ಮುನಿಸಿಕೊಳ್ಳುತ್ತಿತ್ತು.

ಅದು ಅವರ ಅಪ್ಪ ಕೊಂಡ ಕಾರು. ಒಂದು ಕಾಲದಲ್ಲಿ ಇಡೀ ಬೀದಿಗೆ ಇದ್ದದ್ದು ಅದೊಂದೇ. ಪಿಯತಿಲಕ ಸ್ಟುಡಿಯೋ ಇಟ್ಟುಕೊಂಡಿದ್ದಾಗ ಸುತ್ತಲಿನ ಎಷ್ಟೋ ಮದುವಣಗಿತ್ತಿಯರು ಅದರ ಬಾಗಿಲು ಹಿಡಿದು ನಿಂತು ಫೋಟೋ ತೆಗೆಸಿಕೊಂಡಿದ್ದರು. ಈಗ ಸ್ಟುಡಿಯೋ ಇಲ್ಲ. ಕಾರನ್ನೂ ಗುಜರಿಯವನಿಗೆ ಕೊಟ್ಟುಬಿಡುವುದೆಂದು ಅವರು ಮಾತು ಕೊಟ್ಟಾಗಿತ್ತು.

ಅಂದು ಹುಣ್ಣಿಮೆ. ತೀರಿಹೋದ ತಾಯಿಯ ಹೆಸರಿನಲ್ಲಿ ಹುಟ್ಟೂರಿನ ವಿಹಾರದ ಭಿಕ್ಷುಗಳಿಗೆ ಊಟ ಕೊಡುವ ದಿನ. ಪ್ರತಿವರ್ಷದಂತೆ ಪಿಯತಿಲಕ ಮತ್ತು ಅಕ್ಕ ಕಿರಿಮೆಣಿಕೆ ಅಡುಗೆಯ ಪಾತ್ರೆಗಳನ್ನು ಹಿಂದಿನ ಸೀಟಿನಲ್ಲಿಟ್ಟುಕೊಂಡು ಹೊರಟರು. ರಾತ್ರಿಯಿಡೀ ಸುರಿದ ಮಳೆ ಆಗಷ್ಟೇ ನಿಂತಿತ್ತು. ಮಧ್ಯಾಹ್ನ ಹನ್ನೆರಡು ದಾಟಿದರೆ ಭಿಕ್ಷುಗಳು ತುತ್ತು ಮುಟ್ಟುವುದಿಲ್ಲ. ಅಷ್ಟರೊಳಗೆ ತಲುಪಲೇಬೇಕು.

"ಅಮ್ಮ ಇಲ್ಲೇ, ಈ ಸೀಟಲ್ಲೇ ಕೂತು ಅನ್ನದ ಪಾತ್ರೆ ತೊಡೆ ಮೇಲಿಟ್ಕೊಳ್ತಿದ್ಲು," ಎಂದಳು ಅಕ್ಕ. "ನೀನು ಹಿಂದಿನಿಂದ ಕೈ ಹಾಕಿ ಹಪ್ಪಳ ಕದೀತಿದ್ದೆ."

"ನಾನಲ್ಲ, ನೀನು!"

ಇಬ್ಬರೂ ನಕ್ಕರು. ಆ ನಗು ಏರು ಬರುವವರೆಗೆ ಮಾತ್ರ. ಕಾರು ದಮ್ಮು ಕಳೆದುಕೊಂಡು ಮುಕ್ಕರಿಸಿತು, ಎರಡು ಸಲ ಜಗ್ಗಿತು, ನಿಂತೇಬಿಟ್ಟಿತು. ಪಿಯತಿಲಕ ಹ್ಯಾಂಡ್‌ಬ್ರೇಕ್ ಎಳೆದು ಕೀಲಿ ತಿರುಗಿಸಿದರು. ಮತ್ತೆ ತಿರುಗಿಸಿದರು. ಇಂಜಿನ್ ಗುರುಗುಟ್ಟಿತೇ ಹೊರತು ಸ್ಟಾರ್ಟ್ ಆಗಲಿಲ್ಲ.

"ಸಾಕು ಮಾಮ! ಬ್ಯಾಟರಿ ಜೀವ ತೆಗೀಬೇಡಿ!"

ಕೂಗಿದವಳು ಪಕ್ಕದ ಮನೆಯ ಇಂದ್ರಾಣಿ. ಶಾಲೆಯ ಮಕ್ಕಳ ವ್ಯಾನು ಓಡಿಸುವವಳು. ಹುಣ್ಣಿಮೆಗೆ ಶಾಲೆಗೆ ರಜೆಯಾದ್ದರಿಂದ ಮಾರ್ಕೆಟ್ಟಿನಿಂದ ನಡೆದು ಬರುತ್ತಿದ್ದಳು.

"ಇದಕ್ಕೆ ವಯಸ್ಸಾಯ್ತಮ್ಮ. ನನ್ನ ಹಾಗೆ," ಎಂದರು ಪಿಯತಿಲಕ.

"ಬಿಸಿಲಲ್ಲಿ ಹೇಗಿರುತ್ತೆ?"

"ಬಿಸಿಲಲ್ಲಿ ಕುದುರೆ."

"ಹಾಗಾದ್ರೆ ವಯಸ್ಸಿನ ಮಾತು ಬಿಡಿ. ಬಿಸಿಲಲ್ಲಿ ಓಡಿ ಮಳೇಲಿ ಮಲಗಿದ್ರೆ ಎಲ್ಲೋ ತೇವ ಸೇರಿದೆ ಅಂತಲೇ ಅರ್ಥ. ಇವತ್ತು ನಿಂತ ನೀರಲ್ಲಿ ಗಾಡಿ ಇಳಿಸಿದ್ರಾ?"

"ಇಲ್ಲ. ರಾತ್ರಿ ಮರದ ಕೆಳಗೆ ನೆನೀತಾ ನಿಂತಿತ್ತು, ಅಷ್ಟೇ."

"ಬದುಕಿದ್ರಿ. ನೀರಲ್ಲಿ ಆಫ್ ಆಗಿದ್ರೆ ಕೀಲಿ ಮುಟ್ಟಲೇಬಾರ್ದು. ಇಂಜಿನ್ ಒಳಗೆ ನೀರು ಹೋಗಿದ್ರೆ, ಸ್ಟಾರ್ಟ್ ಮಾಡಿದ ಕೂಡ್ಲೇ ಒಳಗಿನ ಕಬ್ಬಿಣಾನೇ ಬಗ್ಗಿ ಹೋಗುತ್ತೆ."

ಅವಳು ಕೀಲಿ ತೆಗೆಸಿ ಬಾನೆಟ್ ಎತ್ತಿದಳು. ಮೊದಲು ಆಯಿಲ್ ಕಡ್ಡಿ ಎಳೆದು ತೋರಿಸಿದಳು. "ನೋಡಿ, ಆಯಿಲ್ ಚೆನ್ನಾಗಿದೆ. ಹಾಲು ಬೆರೆಸಿದ ಚಹಾ ಥರ ಕಂಡಿದ್ರೆ ನೀರು ಸೇರಿದೆ ಅಂತ. ಆಗ ಎಳ್ಕೊಂಡೇ ಗ್ಯಾರೇಜಿಗೆ ಹೋಗ್ಬೇಕು." ಏರ್ ಫಿಲ್ಟರ್ ಮುಟ್ಟಿ ನೋಡಿದಳು. ಒಣಗಿತ್ತು. ಆಮೇಲೆ ಪ್ಲಗ್ಗುಗಳ ತಂತಿಗಳೆಲ್ಲ ಬಂದು ಸೇರುವ ಕರಿಯ ಮುಚ್ಚಳವನ್ನು ತಂತಿಗಳ ಸಮೇತ ಬಿಚ್ಚಿ ತಿರುವಿದಳು. ಒಳಗೆಲ್ಲ ಹನಿ ಹನಿ ಬೆವರು. ಅಂಚಿನಲ್ಲಿ ಕೂದಲೆಳೆಯಂಥ ಬಿರುಕು.

"ಕಳ್ಳ ಸಿಕ್ಕಿದ. ಪ್ಲಗ್ಗಿಗೆ ಹೋಗೋ ಕರೆಂಟು ಈ ತೇವದಲ್ಲಿ ಹಾದಿ ತಪ್ಪುತ್ತೆ. ಕಿಡಿ ಇಲ್ದೆ ಇಂಜಿನ್ ದಮ್ಮು ಕಟ್ಟುತ್ತೆ. ಅತ್ತೆ, ಒಣ ಬಟ್ಟೆ ಇದ್ಯಾ?"

ಕಿರಿಮೆಣಿಕೆ ಪಾತ್ರೆಗೆ ಸುತ್ತಿದ್ದ ಬಿಳಿ ಬಟ್ಟೆಯನ್ನು ಬಿಚ್ಚಿ ಕೊಟ್ಟಳು. ಇಂದ್ರಾಣಿ ಮುಚ್ಚಳದ ಒಳಗನ್ನು ಒರೆಸಿದಳು. ತಂತಿಗಳನ್ನು ಒಂದೊಂದಾಗಿ ತೆಗೆದು, ಒರೆಸಿ, ಇನ್ನೊಂದನ್ನು ಮುಟ್ಟುವ ಮೊದಲೇ ಅದರ ಜಾಗಕ್ಕೆ ಸೇರಿಸಿದಳು. "ಅದಲು ಬದಲಾದ್ರೆ ಹೊಸ ರೋಗ ಶುರು," ಎಂದು ನಗುತ್ತ ಮುಚ್ಚಳವನ್ನು ಮತ್ತೆ ಕೂರಿಸಿದಳು.

ಪಿಯತಿಲಕರಿಗೆ ಇನ್ನೂ ನಂಬಿಕೆಯಿಲ್ಲ. "ಒರೆಸಿದ್ರೆ ಕಾರು ಓಡುತ್ತಾ?"

"ಕೂತು ನೋಡಿ."

ಕೀಲಿ ತಿರುಗಿತು. ಕಾರು ಕೆಮ್ಮಿತು, ಸುಧಾರಿಸಿಕೊಂಡಿತು, ಹಳೆಯ ದನಿಯಲ್ಲಿ ಗುನುಗತೊಡಗಿತು. ಅಪ್ಪ ಅಂಗಳಕ್ಕೆ ಗಾಡಿ ತರುವಾಗ ಕೇಳುತ್ತಿದ್ದ ಅದೇ ದನಿ. ಅಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡಳು.

"ಬಿರುಕು ಬಿಟ್ಟ ಮುಚ್ಚಳ ನಾಳೇನೇ ಬದಲಾಯಿಸಿ. ಇದು ಇವತ್ತಿನ ಮಟ್ಟಿಗೆ," ಎಂದಳು ಇಂದ್ರಾಣಿ. "ಯಾವ ದಾರೀಲಿ ಹೋಗ್ತೀರಿ?"

"ಹಳ್ಳದ ಮೋರಿ ದಾಟೋ ಹತ್ತಿರದ ದಾರಿ. ಹೊತ್ತಾಗಿದೆ."

"ಬೇಡ ಮಾಮ! ಅಲ್ಲಿ ರಸ್ತೆ ಮೇಲೆ ನೀರು ಹರೀತಿದೆ."

"ನಮ್ಮಪ್ಪ ಎಷ್ಟು ಮಳೇಲಿ ಆ ಮೋರಿ ದಾಟಿಸಿದ್ರು ಗೊತ್ತಾ? ಇದೇ ಕಾರಲ್ಲಿ!"

ಇಂದ್ರಾಣಿಗಿಂತ ಮೊದಲು ಅಕ್ಕನೇ ಬಾಯಿ ಬಿಟ್ಟಳು. "ಅಪ್ಪ ಮುಂದೆ ಒಬ್ಬರನ್ನ ಕೋಲು ಕೊಟ್ಟು ಇಳಿಸಿ, ನೀರು ಅಳೆಸಿ, ಆಮೇಲೆ ಗಾಡಿ ಬಿಡ್ತಿದ್ರು ಪಿಯಾ. ಎಷ್ಟೋ ಸಲ ವಾಪಸ್ಸೂ ಬಂದಿದೀವಿ. ನಿನಗೆ ದಾಟಿದ್ದು ಮಾತ್ರ ನೆನಪಿದೆ."

ಪಿಯತಿಲಕ ಗೇರ್ ಹಾಕಿದರು. ಕಾರನ್ನು ರಬ್ಬರ್ ತೋಟದ ಸುತ್ತುದಾರಿಗೆ ತಿರುಗಿಸಿದರು. ಆ ದಾರಿ ಮುಗಿಯುವವರೆಗೂ ಅಕ್ಕನ ಕಣ್ಣು ಮೇಲೇರುತ್ತಿದ್ದ ಸೂರ್ಯನ ಮೇಲೆ, ತಮ್ಮನ ಕಿವಿ ಇಂಜಿನ್ನಿನ ಮೇಲೆ.

ವಿಹಾರ ತಲುಪಿದಾಗ ಭಿಕ್ಷುಗಳು ಪಂಕ್ತಿಯಲ್ಲಿ ಕೂತು ಕಾಯುತ್ತಿದ್ದರು. ಹೊತ್ತು ಇನ್ನೂ ಮೀರಿರಲಿಲ್ಲ. ಕಿರಿಮೆಣಿಕೆ ಮೊದಲ ಸೌಟು ಅನ್ನ ಬಡಿಸಿದಳು. ಹಲಸಿನಕಾಯಿ ಪಲ್ಯ ಬಡಿಸುತ್ತಿದ್ದ ಪಿಯತಿಲಕರಿಗೆ ಅಮ್ಮನ ಅಡುಗೆಮನೆಯ ಹೊಗೆಯ ವಾಸನೆಯೇ ಬಂದಂತಾಯಿತು.

ಊಟ ಮುಗಿಯುವಷ್ಟರಲ್ಲಿ ಸುದ್ದಿ ಬಂತು. ಮೋರಿಯ ಹತ್ತಿರ ಒಂದು ವ್ಯಾನನ್ನು ನೀರು ಎಳೆದು ಹಳ್ಳಕ್ಕೆ ತಳ್ಳಿತ್ತು. ಒಳಗಿದ್ದವರು ಬಿದಿರು ಮೆಳೆ ಹಿಡಿದು ಹೇಗೋ ಉಳಿದಿದ್ದರು. ಅಕ್ಕ ತಮ್ಮನ ಕೈ ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ.

ಮಾರನೆಯ ದಿನ ಕಾರಿಗೆ ಹೊಸ ಮುಚ್ಚಳ ಬಂತು. ಗುಜರಿಯವನು ಬರಿಗೈಲಿ ಹೋದ.

ನಿಮ್ಮ ಮನೆಯ ಗಾಡಿಯೂ ಮಳೆಗೆ ಮುನಿಯುತ್ತಿದೆಯೇ? ಹಳೆಯದೆಂದು ಬೈಯಬೇಡಿ, ಕೀಲಿ ತಿರುಗಿಸುತ್ತಲೇ ಇರಬೇಡಿ. ತೇವ ಎಲ್ಲಿದೆ ಎಂದು ಹುಡುಕಿಸಿ. ಹೊಸ ಬಗೆಯ ಗಾಡಿಗಳಲ್ಲಿ ಈ ಮುಚ್ಚಳವಿರುವುದಿಲ್ಲ, ಅವನ್ನು ತಿಳಿದ ಮೆಕ್ಯಾನಿಕ್ಕಿಗೇ ತೋರಿಸಿ. ಮಳೆಗಾಲಕ್ಕೆ ಮೊದಲೇ ತಂತಿ, ಪ್ಲಗ್ಗು, ಬ್ರೇಕು ನೋಡಿಸಿಕೊಳ್ಳಿ. ನೀರಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡದೆ ಎಳೆಸಿಕೊಂಡು ಹೋಗಿ. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ, ಎಷ್ಟೇ ಅವಸರವಿರಲಿ, ಗಾಡಿ ತಿರುಗಿಸಿಬಿಡಿ. ತಡವಾಗಿ ಬಂದರೂ ಸರಿ, ನೀವು ಬರಲಿ ಎಂದೇ ಮನೆಯವರು ಬಾಗಿಲಲ್ಲಿ ಕಾಯುತ್ತಿರುತ್ತಾರೆ.