ಪಕ್ಕೀರಮ್ಮನ ಗುಳಿಗಿ ಡಬ್ಬಿ

ಮದುವೆಯಾಗಿ ಕುರುಗೋಡಿಗೆ ಬಂದ ಹೊಸದರಲ್ಲಿ ಅತ್ತೆ ಪಕ್ಕೀರಮ್ಮ ಒಂದು ಬಿಸ್ಕತ್ತಿನ ಡಬ್ಬಿ ನನ್ನ ಕೈಗಿಟ್ಟು ಮಾತು ತಗೊಂಡಿದ್ದಳು. ಗುಳಿಗಿ ಕೇಳಿಕೊಂಡು ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು. "ಇಲ್ಲತ್ತಿ, ಕಳ್ಸಲ್ಲ" ಅಂದಿದ್ದೆ.

ಅದಕ್ಕೆ ಕಾರಣವಿತ್ತು. ನನ್ನ ಗಂಡ ಕೂಸಾಗಿದ್ದಾಗ ಜ್ವರ ಏರಿ, ಅತ್ತೆ ಒಂದು ಗುಳಿಗಿಗಾಗಿ ಓಣಿಯ ಬಾಗಿಲೆಲ್ಲ ತಟ್ಟಿದ್ದಳಂತೆ. ಯಾರ ಮನೆಯಲ್ಲೂ ಇರಲಿಲ್ಲ. ಬೆಳಗಿನ ಬಸ್ಸು ಬರುವ ತನಕ ಆಕೆಯ ಜೊತೆ ಕೂತು ಕೂಸಿನ ಹಣೆಗೆ ಒದ್ದೆ ಬಟ್ಟೆ ಹಾಕಿದವಳು ಎದುರುಮನೆಯ ದೊಡ್ಡಬಸಮ್ಮ ಒಬ್ಬಳೇ.

ಆಮೇಲೆ ಅತ್ತೆ ಇಟ್ಟ ಈ ಡಬ್ಬಿ ಎಂದೂ ಬರಿದಾಗಲಿಲ್ಲ. ಬಳ್ಳಾರಿ ದವಾಖಾನೆಗೆ ಹೋಗಿಬಂದವರು ಉಳಿದದ್ದನ್ನು ತಂದು ಹಾಕುತ್ತಾರೆ, ಬೇಕಾದವರು ಒಂದೆರಡು ಕತ್ತರಿಸಿಕೊಂಡು ಹೋಗುತ್ತಾರೆ. ಗುಳಿಗಿ ಪಟ್ಟಿಯ ಮೇಲಿನ ಹೆಸರು, ತಾರೀಕು ಎಲ್ಲ ಆ ಕತ್ತರಿಯ ಪಾಲು. ಅತ್ತೆಗೆ ಓದು ಬರುವುದಿಲ್ಲ, ಬಣ್ಣ ಬರುತ್ತದೆ. ಬಿಳಿದು ಜ್ವರಕ್ಕೆ, ಹಳದಿದು ಹೊಟ್ಟೆಗೆ, ಕೇಸರಿದು ಮೈಕೈ ನೋವಿಗೆ.

ಹೋದ ವಾರ ದೊಡ್ಡಬಸಮ್ಮನ ಕಾಲು ಬಾತವು. ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವಳು. ಅರ್ಧ ದಿನ ರಜೆ ಕೇಳಿ ಆಕೆಯನ್ನು ಅಲ್ಲಿಯ ದವಾಖಾನೆಗೇ ಕರೆದೊಯ್ದೆ. ರಕ್ತದ ರಿಪೋರ್ಟ್ ನೋಡಿ ಡಾಕ್ಟರಮ್ಮ ಕೇಳಿದರು, "ಯಾವ ಗುಳಿಗಿ ತಗೋತೀರಮ್ಮ?"

"ಕೇಸರಿದು ರೀ, ಮೊಣಕಾಲಿಗೆ. ನಮ್ಮ ಪಕ್ಕೀರವ್ವ ಕೊಡ್ತಾಳ."

"ದಿನಾನೂ?"

"ಪುಕ್ಕಟ ಸಿಗತೈತ್ರಿ, ಬಿಡಾಕ ಆಗತೈತೇನು?"

ಡಾಕ್ಟರಮ್ಮ ನಗಲಿಲ್ಲ. ಕಿಡ್ನಿ ಸೋತಿವೆ, ನೋವಿನ ಗುಳಿಗಿ ಇನ್ನು ಒಂದೂ ಬೇಡ, ನುಂಗುತ್ತ ಹೋದರೆ ಜೀವಕ್ಕೇ ಕುತ್ತು ಎಂದರು. ಹೇಳುವಾಗ ನನ್ನನ್ನೇ ನೋಡುತ್ತಿದ್ದರು.

"ಆ ಡಾಕ್ಟರು ಸಣ್ಣ ಹುಡುಗಿ ಅದಾಳ. ನೋವು ಅಂದ್ರ ಏನ್ ಗೊತ್ತು ಆಕಿಗೆ" ಅಂತ ಬಸ್ಸಿನಲ್ಲಿ ದಾರಿಯುದ್ದಕ್ಕೂ ದೊಡ್ಡಬಸಮ್ಮನದು ಒಂದೇ ರಾಗ.

ಭಾನುವಾರ ಡಬ್ಬಿಯನ್ನು ಚಾಪೆಯ ಮೇಲೆ ಸುರಿದೆ. ಹೆಸರು ಕತ್ತರಿಸಿ ಹೋದದ್ದು, ತಾರೀಕು ಮುಗಿದದ್ದು ಎಲ್ಲ ಚೀಲಕ್ಕೆ. ಉಳಿದದ್ದು ಇಷ್ಟೇ: ಜ್ವರದ ಗುಳಿಗಿ, ಓಆರ್‌ಎಸ್ ಪುಡಿ, ಸುಟ್ಟಗಾಯದ ಮುಲಾಮು, ಹತ್ತಿ. ಮತ್ತೆ, ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಚೀಲ ಹೊರುವ ನನ್ನ ಗಂಡ ಮೊನ್ನೆ ಬೆನ್ನು ಹಿಡಿದುಕೊಂಡಾಗ ತಂದ ಕೇಸರಿ ಗುಳಿಗಿ.

"ತುಂಬಿದ ಡಬ್ಬಿ ತೊಳದಿಟ್ಟಿ" ಅಂದಳು ಅತ್ತೆ. "ನಾಳಿ ಯಾರರ ಬಂದ್ರ ಏನ್ ಕೊಡ್ತೀ? ನಿನ್ನ ಜೀನ್ಸಿನ ಗುಂಡಿ?"

"ಯಾರಿಗೆ, ಯಾತಕ್ಕ ಅಂತ ಕೇಳಿ ಕೊಡ್ತೀನತ್ತಿ."

ನಾಳೆಯ ತನಕ ಕಾಯಬೇಕಾಗಲಿಲ್ಲ. ಸಂಜೆ ದೊಡ್ಡಬಸಮ್ಮ ಗೋಡೆ ಹಿಡಿದುಕೊಂಡು ಬಂದಳು. "ಪಕ್ಕೀರವ್ವಾ, ಕೇಸರಿದೊಂದು ಕೊಡು. ಕಾಲು ಕಿತ್ತು ಬರಾಕತ್ತಾವ."

ಅತ್ತೆ ಡಬ್ಬಿಗೆ ಕೈ ಹಾಕಿದಳು. ನಾನು ಮುಚ್ಚಳದ ಮೇಲೆ ಕೈ ಇಟ್ಟೆ.

"ಐತಿ ದೊಡ್ಡವ್ವ. ಆದ್ರ ನಿನಗ ಕೊಡಲ್ಲ, ಜೀವಕ್ಕ ಕುತ್ತು ಅಂದಾರ ಡಾಕ್ಟರಮ್ಮ. ಉಪ್ಪು ಹುರಿದು ಗಂಟು ಕಟ್ಟಿ ಕೊಡ್ತೀನಿ, ಕಾವು ಕೊಡೋಣು. ನಾಳಿ ಮತ್ತ ಡಾಕ್ಟರ ಕಡಿ ಹೋಗೋಣು. ನಾ ಬರ್ತೀನಿ."

"ನಿನ್ನ ಉಪ್ಪು ನೀನ ತಿನ್ನು! ನೀ ಬಳ್ಳಾರಿಗೆ ಹೋದಾಗೆಲ್ಲ ಪೂಜಿತಾನ್ನ ಸಾಲಿಯಿಂದ ಕರಕೊಂಡು ಬಂದು ಉಣಿಸಾಕಿ ಯಾರು? ಒಂದು ಗುಳಿಗಿಗೆ ಬಾಳಲಿಲ್ಲೇನು ನಾನು?"

ಆಕೆ ಹೇಳಿದ್ದು ಸುಳ್ಳಲ್ಲ. ನಾಳೆ ಮಗಳನ್ನು ಎಲ್ಲಿ ಬಿಡಬೇಕೋ ನನಗೆ ಗೊತ್ತಿರಲಿಲ್ಲ. ಕೈ ತೆಗೆಯಲಿಲ್ಲ.

"ಕೊಡು ನೀಲಾವತಿ" ಅಂದಳು ಅತ್ತೆ. "ನನ್ನ ಕೂಸಿನ ಜೋಡಿ ಕೂತಾಕಿ ಆಕಿ. ನನಗ ಮಾತು ಕೊಟ್ಟೀದಿ. ಇನ್ನ ಆಕಿ ಜನ್ಮಪೂರ್ತಿ ಬೈತಾಳ."

"ಬೈಲಿ ಅತ್ತಿ. ಬೈಯಾಕ ಆಕಿ ಇರಬೇಕು."

ಅತ್ತೆ ನನ್ನ ಮುಖ ನೋಡಿದಳು, ಗೆಳತಿಯ ಬಾತ ಕಾಲು ನೋಡಿದಳು. ಆಮೇಲೆ ಡಬ್ಬಿಯಿಂದ ತನ್ನ ಕೈ ತೆಗೆದಳು.

ದೊಡ್ಡಬಸಮ್ಮ ಗೋಡೆ ಹಿಡಿದುಕೊಂಡೇ ಬರಿಗೈಯಲ್ಲಿ ಹೋದಳು. ಅತ್ತೆಗೆ ಕೊಟ್ಟ ಮಾತು ನಾನು ಮುರಿದೆ.