ಅಂಗಳಕ್ಕೆ ಬಂದ ನೀರು

ಗಂಡನ ಧೋತರದ ಅಂಚಿಗೆ ಗುರುಶಾಂತಮ್ಮ ಎರಡನೇ ಸಲ ಸಾಬೂನು ಹಚ್ಚಿದಳು. ಕಲೆ ಹೋಗಿರಲಿಲ್ಲ. ಅಂಗಳದ ಹೊಸ ಸಿಮೆಂಟಿನ ತೊಟ್ಟಿಯಲ್ಲಿ ನೀರು ಅಲುಗಾಡದೆ ನಿಂತಿತ್ತು. ಕಟ್ಟೆಯ ಮೇಲೆ ಅತ್ತೆ ಗುರುಬಾಯಿ ಎಲೆಅಡಿಕೆ ಜಗಿಯುತ್ತ ಇವಳ ಕೈಯನ್ನೇ ನೋಡುತ್ತಿದ್ದಳು.

"ಚಲೋ ಆತಲ್ಲ ಬೇ? ಮನ್ಯಾಗೇ ಹೊಳಿ ಬಂದಂಗಾತು."

"ಹೌದ್ರಿ."

ಹೋದ ತಿಂಗಳವರೆಗೆ ಅವಳು ಬಟ್ಟೆಯ ಗಂಟು ಹೊತ್ತು ಭೀಮಾ ನದಿಗೆ ಹೋಗುತ್ತಿದ್ದಳು. ಅಲ್ಲಿ ಪಕ್ಕದ ಓಣಿಯ ಪ್ಯಾರಿಬಿ ಇವಳಿಗಾಗಿ ಒಂದು ಕಲ್ಲು ಹಿಡಿದಿಟ್ಟಿರುತ್ತಿದ್ದಳು. ಮೊಣಕಾಲುಮಟ ನೀರು, ಬೆನ್ನ ಮೇಲೆ ಬಿಸಿಲು, ಪ್ಯಾರಿಬಿಯ ಮಾತು. ಇಡೀ ದಿನದಲ್ಲಿ ಅವಳದೆನ್ನುವುದು ಅಷ್ಟೇ ಇತ್ತು. ಅದು ಸಾಕಾಗುತ್ತಿತ್ತು.

ಒಂದು ದಿನ ಪ್ಯಾರಿಬಿ ತನ್ನ ಗಂಡ ರಸೂಲನ ಕತೆ ಹೇಳಿದ್ದಳು. ಕಳುವಾದ ಆಡಿನ ಬದಲಿಗೆ ಅವನು ಅಫಜಲಪುರದ ಸಂತೆಯಿಂದ ಇನ್ನೊಂದನ್ನು ಕೊಂಡು ತಂದಿದ್ದ. "ಓಣಿಗೆ ಬಂದಿದ್ದೇ ತಡ, ಆಡು ಹಗ್ಗ ಜಗ್ಗಿಕೊಂಡು ಮುಂದ ಓಡಿ, ತನ್ನ ಹಳೇ ಗೂಟದ ಹಂತೇಕ ನಿಂತ್ತು ನೋಡ್ ಬೇ. ಇಂವ ಅಂತಾನ, ಎಷ್ಟು ಶಾಣ್ಯಾ ಆಡು ತಂದೀನಿ ನೋಡು ಅಂತ."

ಅವತ್ತು ಮಧ್ಯಾಹ್ನ ರೊಟ್ಟಿ ಬಡಿಸುವಾಗ ಗುರುಶಾಂತಮ್ಮನಿಗೆ ಅದು ನೆನಪಾಗಿ ನಗು ಬಂದುಬಿಟ್ಟಿತು. ಸೆರಗು ಬಾಯಿಗೆ ಒತ್ತಿದರೂ ನಿಲ್ಲಲಿಲ್ಲ. ಗುರುಬಾಯಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಮಗನಿಗೆ ಹೇಳಿದಳು: "ದೌಲತರಾಯ, ನಿನ್ನ ಹೇಣ್ತಿ ಹೊಳಿಯಿಂದ ದಿನಾ ನಕ್ಕೋತ ಬರ್ತಾಳ. ಗಂಟುಗಟ್ಟಲೆ ಅರಿಬಿ ಒಗದು ಬಂದಾಕಿಗೆ ನಗಿ ಯಾಕ ಬರ್ತದ, ಕೇಳು."

ಅವನು ಹೆಂಡತಿಯನ್ನು ಏನೂ ಕೇಳಲಿಲ್ಲ. ಅಂಗಳದಲ್ಲೇ ಬೋರು ಹಾಕಿಸಿ ತೊಟ್ಟಿ ಕಟ್ಟಿಸಿದ. ಓಣಿಯ ಹೆಂಗಸರು ಬಂದು ನೀರು ಮುಟ್ಟಿ ನೋಡಿ, ನಸೀಬದಾಕಿ ಎಂದು ಹೊಗಳಿ ಹೋದರು.

ಈ ಮನೆಯ ರೀತಿ ಅವಳಿಗೆ ತಿಳಿಯದ್ದಲ್ಲ. ಹಿತ್ತಿಲಲ್ಲಿ ತಾನು ಬೆಳೆಸಿದ ಸೇವಂತಿಗೆಯನ್ನು ನೋಡುತ್ತ ನಿಂತದ್ದನ್ನು ಅತ್ತೆ ಕಂಡ ವಾರವೇ ಅಲ್ಲಿ ಕರು ಕಟ್ಟಿದ್ದರು. ಒಲೆಯ ಹೊಗೆಗೆ ಕಣ್ಣು ಉರಿಯುತ್ತದೆ ಎಂದು ಹೇಳಿ ವರ್ಷಗಳಾದರೂ ಗೋಡೆಗೊಂದು ಕಿಂಡಿ ಬಿದ್ದಿರಲಿಲ್ಲ. ಅವಳಿಗೆ ಬೇಕಾದದ್ದು ಇಲ್ಲಿ ಉಳಿಯುತ್ತಿರಲಿಲ್ಲ. ಬೇಡವಾದದ್ದು ತಪ್ಪುತ್ತಿರಲಿಲ್ಲ.

ಧೋತರ ಹಿಂಡುತ್ತಿದ್ದಾಗ ಬಾಗಿಲಲ್ಲಿ ಪ್ಯಾರಿಬಿ ಬಂದು ನಿಂತಳು. ತಲೆಯ ಮೇಲೆ ಗಂಟಿತ್ತು.

"ಏನ್ ಬೇ ಗುರುಶಾಂತಿ, ಮನ್ಯಾಗ ಹೊಳಿ ಬಂತಂತ ನಮ್ಮನ್ನ ಮರತೇ ಬಿಟ್ಟಿ?"

ಇವಳು ಬಾಯಿ ತೆರೆಯುವ ಮೊದಲೇ ಗುರುಬಾಯಿ ಸೊಸೆಯನ್ನು ಕೇಳಿದಳು. "ಹೋಗೂ ಮನಸದ ಏನು? ಅಂಥಾದ್ದೇನದ ಅಲ್ಲಿ?"

ಗುರುಶಾಂತಮ್ಮ ಧೋತರವನ್ನು ಇನ್ನೊಮ್ಮೆ ಹಿಂಡಿದಳು. "ನಂಗೇನದರಿ ಅಲ್ಲಿ. ಬಗ್ಗಿ ಬಗ್ಗಿ ನಡ ಬಿದ್ದಿತ್ತು. ತಪ್ಪಿದ್ದೇ ಪಾಡಾತು."

ಇಷ್ಟನ್ನೇ ಹೇಳಬೇಕೆಂದುಕೊಂಡಿದ್ದಳು. ಆದರೆ ಗುರುಬಾಯಿ ಜಗಿಯುವುದನ್ನು ನಿಲ್ಲಿಸಿ ಕಾದಳು. ಇನ್ನೂ ಬೇಕಿತ್ತು ಅವಳಿಗೆ.

"ಅದ್ರಾಗ ಈಕಿ ಬಾಯಿ ಬ್ಯಾರೆ. ಗಂಡ ಹುಚ್ಚ, ತನ್ನ ಆಡು ತಾನೇ ಕೊಂಡು ಬರ್ತಾನ. ಈಕಿ ಅದನ್ನೇ ಊರಿಗೆಲ್ಲ ಹೇಳ್ಕೋತ ತಿರಗ್ತಾಳ. ಹೊಲಸ ಮಂದಿರಿ. ಇವ್ರ ಮಗ್ಗಲಕ್ಕ ಕುಂದ್ರಾಕ ಹೇಸಿಗಿ ಬರ್ತಿತ್ತು."

ಗುರುಬಾಯಿ ಮನಸಾರೆ ನಕ್ಕಳು. "ಕೇಳ್ದ್ಯಾ ಪ್ಯಾರಿಬಿ?"

"ಕೇಳ್ದೆ ಬಿಡ್ರಿ. ಕಿವಿ ಚಲೋ ಅದಾವ." ಪ್ಯಾರಿಬಿ ಗಂಟನ್ನು ತಲೆಯ ಮೇಲೆ ಸರಿಮಾಡಿಕೊಂಡಳು. ಗುರುಶಾಂತಮ್ಮನ ಮುಖ ನೋಡದೆ ಹೊರಟುಹೋದಳು.

ಗುರುಬಾಯಿಗೆ ಆಗ ನೆನಪಾಯಿತು. "ಹಾಸೂ ಹೊಚ್ಚೂ ಕೌದಿ ಎಲ್ಲಾ ನಾರಾಕತ್ತಾವ. ಅವೇನು ತೊಟ್ಟ್ಯಾಗ ಆಗೂವಲ್ಲ. ನಾಳಿಂದ ದಿನಾ ಒಂದೊಂದು ಹೊಳಿಗೆ ಒಯ್ಯಿ."

"ನಡ ನೋಯ್ತದರಿ ಅತ್ತಿ."

"ನೋಯ್ಲಿ. ರೊಟ್ಟಿ ತಿನ್ನಾಕ ನೋಯಂಗಿಲ್ಲಲ್ಲ."

ಮರುದಿನ ಗುರುಶಾಂತಮ್ಮ ಹೊಳೆಗೆ ಹೋದಾಗ ಅವಳ ಕಲ್ಲಿನ ಮೇಲೆ ಬೇರೆ ಯಾರೋ ಇದ್ದರು. ಪ್ಯಾರಿಬಿ ಅಷ್ಟು ದೂರದಲ್ಲಿ ಬೆನ್ನು ತಿರುಗಿಸಿ ಬಟ್ಟೆ ಬಡಿಯುತ್ತಿದ್ದಳು. ಸುತ್ತಲಿನ ಹೆಂಗಸರು ಅವಳ ಯಾವುದೋ ಮಾತಿಗೆ ನಗುತ್ತಿದ್ದವರು ಇವಳನ್ನು ಕಂಡು ಸುಮ್ಮನಾದರು.

ಗುರುಶಾಂತಮ್ಮ ಕೌದಿಯನ್ನು ನೀರಿಗೆ ಬಿಟ್ಟು ಅದರ ಮೇಲೆ ಹತ್ತಿ ನಿಂತು ತುಳಿದಳು. ಕೊಳೆ ಹೊಗೆಯಂತೆ ಎದ್ದು ಹರಿದುಹೋಯಿತು. ಸಣ್ಣ ಮೀನುಗಳು ಬಂದು ಹಿಮ್ಮಡಿ ಕಚ್ಚಿದವು. ನೀರು ಮೊಣಕಾಲು ಸುತ್ತಿ ಸೀರೆ ಎಳೆಯಿತು. ಬೆನ್ನಿಗೆ ಬಿಸಿಲು ತಾಕಿತು. ಎದೆಯೊಳಗೆ ಅದೇ ಹಳೆಯ ಹಗುರ, ಯಾರನ್ನೂ ಕೇಳದೆ ಬಂದುಬಿಟ್ಟಿತು. ಪ್ಯಾರಿಬಿ ಪಕ್ಕದಲ್ಲಿಲ್ಲದೆ ಅದು ಬರಲಾರದು ಎಂದು ರಾತ್ರಿಯೆಲ್ಲ ಅಂದುಕೊಂಡಿದ್ದಳು. ಬಂತು. ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ನಡುವೆಯೂ ಅದು ಹೋಗಲಿಲ್ಲ.

ಹೋಗಿ ಹೇಳಬಹುದಿತ್ತು. ಅತ್ತೆಯ ಮುಂದೆ ಹಾಗೆ ಅನ್ನಬೇಕಾಯಿತು, ನಿನ್ನ ಮಾತಿಲ್ಲದೆ ನನಗೆ ದಿನ ಹೋಗುವುದಿಲ್ಲ ಎಂದರೆ ಪ್ಯಾರಿಬಿ ಬೈದು, ಅತ್ತು, ಆಮೇಲೆ ನಗುತ್ತಿದ್ದಳು. ನಕ್ಕ ಮೇಲೆ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಅವಳಿಂದಾಗದು. ಸೊಸೆ ಅತ್ತೆಗೆ ಟೋಪಿ ಹಾಕಿದ ಕತೆ ಈ ಕಲ್ಲಿನಿಂದ ಆ ಕಲ್ಲಿಗೆ ದಾಟಿ, ಸಂಜೆಯೊಳಗೆ ಕಟ್ಟೆಯ ಮೇಲೆ ಕೂತವಳ ಕಿವಿಗೆ ಬೀಳುತ್ತಿತ್ತು. ಅಲ್ಲಿಗೆ ಹೊಳೆಯೂ ಮುಗಿಯುತ್ತಿತ್ತು.

ಅವಳು ಪ್ಯಾರಿಬಿಯ ಬೆನ್ನನ್ನು ಬಹಳ ಹೊತ್ತು ನೋಡಿದಳು.

ಹೇಳುವುದಿಲ್ಲ ಎಂದುಕೊಂಡಳು. ಇವತ್ತಲ್ಲ, ಎಂದೂ ಇಲ್ಲ. ಸೀರೆಯ ನೆರಿಗೆಯನ್ನು ಇನ್ನಷ್ಟು ಮೇಲೆ ಸಿಕ್ಕಿಸಿ, ಕೌದಿಯನ್ನು ಮಗ್ಗುಲು ತಿರುವಿ ತುಳಿಯತೊಡಗಿದಳು.